ಗುಳ್ಳವ್ವನ ಬೆನ್ನು

ಆಷಾಢದ ಮಂಗಳವಾರ ಬಂತೆಂದರೆ ಈಗ ನನ್ನ ಮೊಬೈಲಿಗೆ ಕುಲಗೋಡದಿಂದ ಬೆನ್ನುಗಳು ಬರಲು ಶುರುವಾಗುತ್ತವೆ. ಹುತ್ತದ ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ ಪೂಜಿಸುವ ನಮ್ಮ ಓಣಿಯ ಹುಡುಗಿಯರು ಮುಖದ ಫೋಟೊ ಕಳಿಸುವುದಿಲ್ಲ. ಮುಖ ಎಲ್ಲರ ಗುಳ್ಳವ್ವನಿಗೂ ಒಂದೇ: ಗುಲಗಂಜಿಯ ಕಣ್ಣು, ಕುಸುಬಿ ಕಾಳಿನ ಸರ. ಅವರು ಕಳಿಸುವುದು ಬೆನ್ನಿನ ಫೋಟೊ. ಹೋದ ವರ್ಷ ಒಬ್ಬಳು ಬೆನ್ನಿಗೆ ಬಾಗಿಲೇ ಇಲ್ಲದ ಬಸ್ಸು ಬರೆದಿದ್ದಳು. ಗೋಕಾಕಕ್ಕೆ ಹೋಗುವ ಬೆಳಗಿನ ಬಸ್ಸು ತುಂಬಿಯೇ ಬರುವುದರಿಂದ ಕಾಲೇಜಿನ ಹುಡುಗಿಯರಿಗೆ ಹತ್ತಲು ಜಾಗವಿರುವುದಿಲ್ಲ. ಇನ್ನೊಬ್ಬಳು ಬಾಟಲಿಯೊಂದನ್ನು ಬರೆದು ಅದರೊಳಗೆ ಸಣ್ಣ ಮನೆ ಕೂರಿಸಿದ್ದಳು. ಅವಳ ಅಪ್ಪ ಯಾರೆಂದು ನನಗೆ ಗೊತ್ತು, ಅದನ್ನು ನೋಡಿ ಅವನಿಗೂ ಗೊತ್ತಾಗಿರಬೇಕು. ಈ ಪದ್ಧತಿ ಎಲ್ಲಿಂದ ಬಂತು ಎಂದು ಕೇಳಿದರೆ ಹುಡುಗಿಯರು ಮೊದಲಿನಿಂದಲೂ ಇದೆ ಎನ್ನುತ್ತಾರೆ. ಮೊದಲಿನಿಂದಲೂ ಇರಲಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ, ನನ್ನ ಅಕ್ಕ ಮಾಯವ್ವನ ಕೈಯಿಂದ ಶುರುವಾಯಿತು. ಅವತ್ತು ಅದೊಂದು ಪದ್ಧತಿಯಾಗುತ್ತದೆ ಎಂದು ಯಾರಿಗೂ ಅನ್ನಿಸಿರಲಿಲ್ಲ, ಮನೆ ಒಡೆಯುತ್ತದೆ ಎಂದೇ ಅನ್ನಿಸಿತ್ತು. ಅಕ್ಕ ಈಗ ಹುಕ್ಕೇರಿಯಲ್ಲಿದ್ದಾಳೆ. ಈ ಮಾತು ತೆಗೆದರೆ ಚಹಾಕ್ಕೆ ಇಡುತ್ತೇನೆ ಎಂದು ಎದ್ದು ಹೋಗುತ್ತಾಳೆ. ಹಾಗಾಗಿ ನಾನೇ ಬರೆಯಬೇಕಾಗಿದೆ.

ನಮ್ಮದು ಕುರಿ ಸಾಕುವವರ ಮನೆ. ಆ ಮನೆಯಲ್ಲಿ ಒಂದು ಗಳಿಗೆ ಸುಮ್ಮನೆ ಕುಳಿತವರನ್ನು ನಾನು ಕಂಡಿಲ್ಲ. ಅಪ್ಪ ಸುಗ್ಗಿ ಮುಗಿದೊಡನೆ ಹಿಂಡು ಹೊಡೆದುಕೊಂಡು ಹಿಡಕಲ್ಲಿನ ಕಡೆ ಹೋದರೆ ಮುಂಗಾರಿಗೇ ತಿರುಗಿ ಬರುತ್ತಿದ್ದ. ಬಂದ ಮೇಲೂ ಅವನ ಕಾಲಿಗೆ ಮನೆ ಸಾಲುತ್ತಿರಲಿಲ್ಲ. ಪಡಸಾಲೆಯಿಂದ ಹಿತ್ತಲ ಹಟ್ಟಿಗೆ, ಹಟ್ಟಿಯಿಂದ ಪಡಸಾಲೆಗೆ ಅಡ್ಡಾಡುತ್ತಲೇ ಚಹಾ ಕುಡಿಯುತ್ತಿದ್ದ. ಆಯಿ, ಅಂದರೆ ಅಪ್ಪನ ತಾಯಿ, ಉಣ್ಣೆ ನೂಲುತ್ತಲೇ ನಮ್ಮನ್ನು ಬೈಯುತ್ತಿದ್ದಳು. ಬೈಗುಳ ನಿಂತಿತೆಂದರೆ ನೂಲು ಹರಿದಿದೆ ಎಂದು ನಾವು ತಿಳಿದುಕೊಳ್ಳಬೇಕು. ಅವ್ವ ಒಲೆಯ ಮುಂದೆ ಕುಳಿತಿದ್ದರೂ ಅವಳ ಕೈ ಕುಳಿತಿರುತ್ತಿರಲಿಲ್ಲ. ರೊಟ್ಟಿ ಬಡಿಯುವ ಸದ್ದು ಕೇಳಿಯೇ ನಾವು ಏಳುತ್ತಿದ್ದೆವು, ಆ ಸದ್ದು ನಿಲ್ಲುವ ಮೊದಲೇ ಸಾಲೆಗೆ ಓಡುತ್ತಿದ್ದೆವು. ಪಡಸಾಲೆಯ ಒಂದು ಗೋಡೆಗೆ ಕಂಬಳಿಗಳನ್ನು ಒಟ್ಟಿರುತ್ತಿದ್ದರು. ಮಳೆಗಾಲದಲ್ಲಿ ಅವುಗಳಿಂದ ಏಳುವ ವಾಸನೆ ಬಂದ ಬೀಗರಿಗೆ ಮಾತ್ರ ಗೊತ್ತಾಗುತ್ತಿತ್ತು, ನಮಗಲ್ಲ. ಬಿಸಿ ರೊಟ್ಟಿ ಮೊದಲು ಅಪ್ಪನಿಗೆ, ಆಮೇಲೆ ಆಯಿಗೆ, ಆಮೇಲೆ ನಮಗೆ. ಅವ್ವ ಬಿಸಿ ರೊಟ್ಟಿ ತಿಂದದ್ದನ್ನು ನಾನು ನೋಡಿಲ್ಲ. ಊಟದ ಹೊತ್ತಿಗೆ ಒಂದು ಜಗಳ ಇದ್ದೇ ಇರುತ್ತಿತ್ತು. ಪುಂಡಿಪಲ್ಯ ಹುಳಿಯಾಯಿತು, ಶೇಂಗಾ ಹಿಂಡಿಗೆ ಉಪ್ಪು ಹೆಚ್ಚಾಯಿತು, ಮರಿಗೆ ಕಟ್ಟಿದ ಹಗ್ಗವನ್ನು ಯಾರೋ ಬಿಚ್ಚಿದರು. ಹಗ್ಗ ಬಿಚ್ಚುತ್ತಿದ್ದುದು ನಾನೇ. ಕಟ್ಟಿ ಹಾಕಿದ್ದನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಅದಕ್ಕೆ ಬೆನ್ನ ಮೇಲೆ ಎಷ್ಟು ಏಟು ಬಿದ್ದರೂ ಸರಿ.

ಇಂಥ ಮನೆಯಲ್ಲಿ ನಿಧಾನದವಳೆಂದರೆ ಅಕ್ಕ ಒಬ್ಬಳೇ. ಅವಳು ಮೂಡಲಗಿಯಲ್ಲಿ ಪಿಯುಸಿ ಓದುತ್ತಿದ್ದಳು. ಬಸ್ಸಿಗೆ ಹೊರಡುವಾಗಲೂ ಅವಳಿಗೆ ಅವಸರವಿಲ್ಲ, ಆದರೆ ಬಸ್ಸು ತಪ್ಪಿಸಿಕೊಂಡವಳೂ ಅಲ್ಲ. ಮಾತು ಬಹಳ ಕಡಿಮೆ. ನಾವೆಲ್ಲ ಕೂಗಾಡುವುದರಲ್ಲೇ ದಿನ ಕಳೆಯುತ್ತಿದ್ದರೆ ಅವಳು ಹಿತ್ತಲ ಕಟ್ಟೆಯ ಮೇಲೆ ಕುಳಿತು ಒದ್ದೆ ಮಣ್ಣಿನಲ್ಲಿ ಏನಾದರೊಂದು ಮಾಡುತ್ತಿದ್ದಳು. ಅವಳು ಮಾಡಿದ ಮಣ್ಣೆತ್ತುಗಳನ್ನು ಬೇರೆ ಓಣಿಯವರೂ ಕೇಳಿ ಒಯ್ಯುತ್ತಿದ್ದರು. ಅವಳು ಸುಮ್ಮನಿರುವುದರಿಂದ ನಮ್ಮ ಮನೆಯವರಿಗೆ ಒಂದು ಅನುಕೂಲವಿತ್ತು: ಅವಳು ಏನೂ ಅನ್ನದಿದ್ದರೆ ಹೂಂ ಅಂದಂತೆ ಎಂದು ಲೆಕ್ಕ ಹಿಡಿಯುತ್ತಿದ್ದರು. ನನ್ನ ವಿಷಯದಲ್ಲಿ ಆ ಲೆಕ್ಕ ನಡೆಯುತ್ತಿರಲಿಲ್ಲ, ಏಕೆಂದರೆ ನಾನು ಕೇಳುವ ಮೊದಲೇ ಒಲ್ಲೆ ಅನ್ನುತ್ತಿದ್ದೆ.

ನಮ್ಮಲ್ಲಿ ಅಕ್ಷರ ಬಾರದವರಿಗೂ ಗುರುತು ಓದಲು ಬರುತ್ತಿತ್ತು. ನಮ್ಮ ಮನೆಯ ಕುರಿಗಳ ಹಣೆಗೆ ಹುರಮಂಜಿನ ಕೆಂಪು ಅಡ್ಡಗೆರೆ. ಬೇರೆಯವರ ಹಿಂಡಿನಲ್ಲಿ ಸೇರಿಕೊಂಡರೂ ದೂರದಿಂದಲೇ ತಿಳಿಯುತ್ತಿತ್ತು. ಅದು ಮನೆಯ ಗುರುತು. ಇನ್ನೊಂದು ಗುರುತು ಬೆನ್ನಿನದು. ವ್ಯಾಪಾರಿ ಬಂದು ಕುರಿಯ ಬೆನ್ನು ಹಿಚುಕಿ ನೋಡಿ, ಮಾತು ಮುಗಿದ ಮೇಲೆ ತನ್ನ ಡಬ್ಬಿಯ ಬಣ್ಣದಲ್ಲಿ ಬೆನ್ನಿಗೊಂದು ಗುರುತು ಹಾಕಿ ಹೋಗುತ್ತಿದ್ದ. ಒಬ್ಬನದು ಹಸಿರು ಪಟ್ಟಿ, ಒಬ್ಬನದು ನೀಲಿ ಗುಂಡು, ಒಬ್ಬನದು ಎರಡು ಗೆರೆ. ಸಂತೆಯ ದಿನ ಅವನು ಬಂದು ಒಯ್ಯುವವರೆಗೆ ಆ ಕುರಿ ನಮ್ಮ ಹಟ್ಟಿಯಲ್ಲೇ ಇರುತ್ತಿತ್ತು, ನಮ್ಮ ಮೇವನ್ನೇ ತಿನ್ನುತ್ತಿತ್ತು, ಆದರೆ ನಮ್ಮದಲ್ಲ. ಬಣ್ಣ ಬಿತ್ತು ಎನ್ನುತ್ತಿದ್ದರು. ಬಣ್ಣ ಬಿದ್ದ ಕುರಿಯನ್ನು ಅವ್ವ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ನಮಗೂ ಅದರ ಹತ್ತಿರ ಹೋಗಿ ಆಡಬೇಡಿ ಎನ್ನುತ್ತಿದ್ದಳು. ಹೊರಗಿನವರು ಅಂಥ ಕುರಿಯನ್ನು ಕಂಡರೆ ಕೇಳುವುದು ಒಂದೇ ಮಾತು, ಯಾರ ಗುರುತು ಎಂದು. ಏಕೆ ಬಿತ್ತು ಎಂದು ಯಾರೂ ಕೇಳುವುದಿಲ್ಲ.

ಮಮದಾಪುರದ ಲಕ್ಕಪ್ಪ ಮಾವ ಅವ್ವನ ತಮ್ಮ. ಅವನು ಬಂದನೆಂದರೆ ನನಗೆ ಹಬ್ಬ. ಗೋಕಾಕದಿಂದ ಕರದಂಟು ತರುತ್ತಿದ್ದ, ಮೋಟರ್ ಸೈಕಲ್ಲಿನ ಪೆಟ್ರೋಲ್ ಟಾಕಿಯ ಮೇಲೆ ನನ್ನನ್ನು ಕೂರಿಸಿಕೊಂಡು ಕಾಲುವೆಯವರೆಗೆ ಸುತ್ತಿಸುತ್ತಿದ್ದ, ಅಕ್ಕನ ಮಣ್ಣಿನ ಗೊಂಬೆಗಳನ್ನು ಎತ್ತಿ ಎತ್ತಿ ನೋಡಿ ನಗುತ್ತಿದ್ದ. ನಾವಿಬ್ಬರೂ ಅವನನ್ನು ನೀ ಎಂದೇ ಮಾತಾಡಿಸುತ್ತಿದ್ದೆವು. ಅಕ್ಕನನ್ನು ಅವನಿಗೇ ಕೊಡುವುದೆಂದು ಯಾವಾಗ ಗೊತ್ತು ಮಾಡಿದರೋ ನನಗೆ ತಿಳಿಯದು. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹೊಸದೇನೂ ಅಲ್ಲ, ಹಾಗಾಗಿ ಯಾರೂ ಅದನ್ನು ಒಂದು ಸುದ್ದಿ ಎಂದು ಹೇಳಲಿಲ್ಲ. ಹದಿನೆಂಟು ತುಂಬಿದ ಕೂಡಲೇ, ಆಷಾಢ ಕಳೆದು ಒಳ್ಳೆಯ ದಿನ ನೋಡಿ, ಎಂದು ಅಡುಗೆಮನೆಯಲ್ಲಿ ಮಾತು ನಡೆಯುತ್ತಿತ್ತು. ನನಗೆ ಗೊತ್ತಾದದ್ದು ಒಂದು ದಿನ ಅವ್ವ ಹಿಟ್ಟು ನಾದುತ್ತಾ ಅಕ್ಕನಿಗೆ ಹೇಳಿದ ಮಾತಿನಿಂದ.

"ಇನ್ನ ಮ್ಯಾಲ ಮಾವಗ ರೀ ಹಚ್ಚಿ ಮಾತಾಡು."

ಅಕ್ಕ ಆವತ್ತಿನಿಂದ ಮಾವನಿಗೆ ನೀ ಅನ್ನುವುದನ್ನು ಬಿಟ್ಟಳು, ರೀ ಹಚ್ಚುವುದನ್ನೂ ಕಲಿಯಲಿಲ್ಲ. ಚಹಾ ಕೊಡುವಾಗ ಕಪ್ಪು ಮುಂದೆ ಹಿಡಿದು ಬರೀ ಚಾ ಅನ್ನುತ್ತಿದ್ದಳು. ನೀರು ಬೇಕೇನು ಎಂದು ಕೇಳಬೇಕಾದರೆ ತಂಬಿಗೆ ತಂದಿಟ್ಟು ಹೋಗುತ್ತಿದ್ದಳು. ಅವ್ವ ಅದನ್ನು ನಾಚಿಕೆ ಎಂದು ತಿಳಿದು ಒಳಗೊಳಗೇ ಖುಷಿಪಟ್ಟಳು. ಮಾವನೂ ಹಾಗೆಯೇ ತಿಳಿದಿರಬೇಕು, ಅವನೂ ನೆಲ ನೋಡುವುದನ್ನು ಕಲಿತ. ಕಾಲೇಜು ಮುಗಿಸುವವರೆಗಾದರೂ ಬಿಡಿ ಎಂದು ಅಕ್ಕ ಒಂದು ಸಲ ಬಾಯಿಬಿಟ್ಟು ಕೇಳಿದ್ದು ನನಗೆ ಗೊತ್ತು. ಅವ್ವ ಅಪ್ಪನನ್ನು ಕೇಳು ಅಂದಳು. ಅಪ್ಪ ಆಯಿಯನ್ನು ಕೇಳು ಅಂದ. ಆಯಿ ಆಷಾಢದಲ್ಲಿ ಮದುವೆಯ ಮಾತು ಎತ್ತಬಾರದು ಅಂದಳು. ಅಕ್ಕ ತಿರುಗಿ ಹಿತ್ತಲ ಕಟ್ಟೆಗೆ ಹೋಗಿ ಕುಳಿತಳು.

ಗುಳ್ಳವ್ವ ಹುಡುಗಿಯರ ಹಬ್ಬ. ಆಷಾಢದ ಮಂಗಳವಾರಗಳಲ್ಲಿ ಹುತ್ತದ ಮಣ್ಣು ತಂದು ಅವಳನ್ನು ಮಾಡಿ, ಮಣೆಯ ಮೇಲೆ ಕೂರಿಸಿ, ಹೊತ್ತುಕೊಂಡು ಮನೆಮನೆಗೆ ಹೋಗಬೇಕು. ಹೆಂಗಸರು ಜೋಳ, ಬೆಲ್ಲ ಹಾಕುತ್ತಾರೆ. ಅದನ್ನೆಲ್ಲ ಬೇಯಿಸಿಕೊಂಡು ಊರ ಹೊರಗೆ ಉಂಡು, ಅವಳನ್ನು ನೀರಿಗೆ ಬಿಟ್ಟು ಬರುವುದು. ಕೊನೆಯ ಮಂಗಳವಾರದ ಗುಳ್ಳವ್ವ ಎಲ್ಲಕ್ಕಿಂತ ದೊಡ್ಡವಳು. ಆ ವರ್ಷ ಅಕ್ಕ ಅವಳನ್ನು ಪಡಸಾಲೆಯಲ್ಲಿ, ಕಂಬಳಿಗಳ ಮಗ್ಗುಲಲ್ಲಿ ಕುಳಿತು ಮಾಡಿದಳು. ಮೂಗು, ಮೂಗುತಿ, ಕೊರಳು, ಕೂದಲ ಗಂಟು ಎಲ್ಲ ಆದವು. ಆಮೇಲೆ ಕುಸುಬಿ ಕಾಳು ಸಾಲದೆಂದು ನಮ್ಮನ್ನೆಲ್ಲ ಹೊರಗೆ ಅಟ್ಟಿದಳು. ನಾವು ಬರುವಷ್ಟರಲ್ಲಿ ಗುಳ್ಳವ್ವನ ಬೆನ್ನಿಗೆ ಕುಪ್ಪಸದ ಒಂದು ಹಳೆಯ ಖಣ ಹೊದಿಸಿದ್ದಳು. ಗುಳ್ಳವ್ವನನ್ನು ಹೊರುವುದು ನಾನು, ಏಕೆಂದರೆ ಬೇಡ ಅಂದರೆ ನಾನು ಕೇಳುತ್ತಿರಲಿಲ್ಲ. ಮಣೆಯನ್ನು ನನ್ನ ತಲೆಯ ಮೇಲಿಟ್ಟು, ಹೊಸ್ತಿಲು ದಾಟುವಾಗ ಅಕ್ಕ ಖಣವನ್ನು ಎಳೆದುಕೊಂಡಳು. ನನಗೆ ಅದು ಕಾಣಿಸಲಿಲ್ಲ. ಹಿಂದೆ ಬರುವವರಿಗೆ ಕಾಣಿಸಿತು.

ಮೊದಲು ಲಿಂಗಾಯತರ ಓಣಿಗೆ ಹೋದೆವು. ಅಲ್ಲಿಯ ಹೆಂಗಸರು ಬೆನ್ನ ಮೇಲಿನ ಬಣ್ಣ ನೋಡಿ, ಈ ಸಲ ಗುಳ್ಳವ್ವಗ ಕುಪ್ಪಸ ತೊಡಿಸೀರೇನು ಎಂದು ನಕ್ಕು ಬೆಲ್ಲ ಕೊಟ್ಟರು. ನಮ್ಮ ಓಣಿಗೆ ತಿರುಗಿದಾಗ ನಗು ನಿಂತಿತು. ನೆರೆಮನೆಯ ಸಂಗವ್ವ ಮೊರದಿಂದ ಜೋಳ ಸುರಿಯುತ್ತಿದ್ದವಳು ಅರ್ಧಕ್ಕೇ ಕೈ ತಡೆದಳು. ಇದಕ್ಕ ಬಣ್ಣ ಬಿದ್ದೈತಲ್ಲ ಅಂದಳು. ನಾನು ಮಣೆ ಇಳಿಸಿ ನೋಡಿದೆ. ನಡು ಬೆನ್ನಿನ ಮೇಲೆ, ವ್ಯಾಪಾರಿಗಳು ಹಾಕುವ ಜಾಗದಲ್ಲೇ, ನೀಲಿ ಗುಂಡು. ಸಣ್ಣವಳಾಗಿದ್ದರೂ ನನಗೆ ಅರ್ಥವಾಗಿತ್ತು: ಅಕ್ಕ ತನ್ನ ಬೆನ್ನನ್ನೇ ಬರೆದಿದ್ದಳು. ನನಗೆ ಅರ್ಥವಾದದ್ದು ದೊಡ್ಡವರಿಗೆ ಏಕೆ ಆಗಲಿಲ್ಲ ಎಂದು ಆಮೇಲೆ ಬಹಳ ವರ್ಷ ಸಿಟ್ಟು ಮಾಡಿಕೊಂಡಿದ್ದೇನೆ. ಅವರು ಕುರಿಯ ಜನ. ಅವರು ಏಕೆ ಎಂದು ಕೇಳಲಿಲ್ಲ, ಯಾರ ಗುರುತು ಎಂದು ಕೇಳಿದರು.

ನೀಲಿ ಗುಂಡು ಗೋಕಾಕ ಕಡೆಯ ವ್ಯಾಪಾರಿಯೊಬ್ಬನದು. ಅವನ ತಮ್ಮ, ಹರೆಯದವನು, ಮುಂಗಾರಿಗೆ ಹಿಂಡು ತಿರುಗಿ ಬಂದ ಮೇಲೆ ನಮ್ಮ ಮನೆಗೆ ಬಂದು ಕುರಿ ನೋಡಿ ಹೋಗಿದ್ದ, ಅಕ್ಕ ತಂದಿಟ್ಟ ನೀರು ಕುಡಿದಿದ್ದ, ಬಣ್ಣದ ಡಬ್ಬಿಯನ್ನು ಹಟ್ಟಿಯಲ್ಲೇ ಮರೆತು ಹೋಗಿದ್ದ. ಅಕ್ಕನ ಕೈಗೆ ಸಿಕ್ಕದ್ದು ಅದೇ ಡಬ್ಬಿ. ಹಸಿರು ಸಿಕ್ಕಿದ್ದರೆ ಹಸಿರು ಹಚ್ಚುತ್ತಿದ್ದಳು. ಆದರೆ ಸಂಗವ್ವನ ಮನೆಯಿಂದ ಮುಂದಿನ ಮನೆಗೆ ಹೋಗುವಷ್ಟರಲ್ಲಿ ಮಾತು ತಯಾರಾಗಿತ್ತು. ಮಾಯವ್ವ ಆ ಹುಡುಗನವಳು, ಗುಳ್ಳವ್ವನ ಬೆನ್ನಿನ ಮೇಲೆ ತಾನೇ ಬರೆದುಕೊಂಡು ಊರಿಗೆ ಸಾರಿದ್ದಾಳೆ. ಹೆಂಗಸರು ತಮ್ಮ ತಮ್ಮ ಹುಡುಗಿಯರನ್ನು ಹೆಸರು ಹಿಡಿದು ಒಳಗೆ ಕರೆದುಕೊಂಡರು. ಮೆರವಣಿಗೆಯಲ್ಲಿ ನಾನು ಮತ್ತು ಅಕ್ಕ ಇಬ್ಬರೇ ಉಳಿದೆವು. ಕಾಲುವೆಗೆ ಹೋಗಲಿಲ್ಲ, ಗುಳ್ಳವ್ವನನ್ನು ಹೊತ್ತುಕೊಂಡು ಮನೆಗೆ ಬಂದೆವು.

ಮನೆಗೆ ಮಾತು ನಮಗಿಂತ ಮೊದಲೇ ಬಂದಿತ್ತು. ಅಪ್ಪ ಅಡ್ಡಾಡುವುದನ್ನು ನಿಲ್ಲಿಸಿ ಪಡಸಾಲೆಯ ನಡುವೆ ನಿಂತಿದ್ದ, ಅದನ್ನು ಕಂಡೇ ನನಗೆ ಹೆದರಿಕೆಯಾಯಿತು. ಯಾರವ ಎಂದು ಕೇಳಿದ. ಅಕ್ಕ ಯಾರೂ ಇಲ್ಲ ಅಂದಳು. ಅದು ಅವನಿಗೆ ಸುಳ್ಳಿನ ಹಾಗೆ ಕೇಳಿಸಿತು. ಅವಳ ಪುಸ್ತಕದ ಚೀಲವನ್ನು ಕಸಿದು ಅಟ್ಟದ ಮೇಲೆ ಎಸೆದು, ನಾಳೆಯಿಂದ ಮೂಡಲಗಿ ಬಂದ್ ಅಂದ. ಬೆನ್ನಿನ ಬಣ್ಣವನ್ನು ಕೆರೆದು ತೆಗೆ ಎಂದು ಅವ್ವನ ಕೈಗೆ ಚಾಕು ಕೊಟ್ಟ. ಅಲ್ಲಿ ಆಯಿ ಅಡ್ಡ ಬಂದಳು. ದೇವರ ಮೈಗೆ ಚಾಕು ಹಚ್ಚುವುದೆಂದರೇನು, ಮನೆಯಲ್ಲಿ ಮಕ್ಕಳಿಲ್ಲವೇನು ಎಂದು ಕೂಗಿದಳು. ಹಾಗಾಗಿ ಗುಳ್ಳವ್ವ ಉಳಿದಳು. ಹೊರಗೆ ಇಡುವಂತಿಲ್ಲ, ಒಡೆಯುವಂತಿಲ್ಲ, ನೀರಿಗೆ ಒಯ್ಯಲು ಹುಡುಗಿಯರಿಲ್ಲ. ಪಡಸಾಲೆಯಲ್ಲಿ ಬೆನ್ನನ್ನು ಗೋಡೆಗೆ ಹಚ್ಚಿ ಅವಳನ್ನು ಕೂರಿಸಿದರು. ಗುಲಗಂಜಿಯ ಕಣ್ಣು ಬಿಟ್ಟುಕೊಂಡು ಅವಳು ನಮ್ಮ ಊಟ, ನಮ್ಮ ಜಗಳ ಎಲ್ಲವನ್ನೂ ನೋಡುತ್ತಿದ್ದಳು. ನನಗಂತೂ ಒಂದು ಕಡೆ ಕೂರಲೂ ಆಗುತ್ತಿರಲಿಲ್ಲ.

ಮಮದಾಪುರಕ್ಕೆ ಯಾರೋ ಫೋನು ಮಾಡಿದ್ದರು. ಗುರುವಾರ ಬೆಳಗ್ಗೆ ಮಾವನ ಮೋಟರ್ ಸೈಕಲ್ಲು ಬಾಗಿಲಲ್ಲಿ ನಿಂತಿತು. ಈ ಸಲ ನಾನು ಓಡಿಹೋಗಿ ಟಾಕಿ ಹಿಡಿಯಲಿಲ್ಲ. ಅಪ್ಪ ಕಂಬಳಿ ಹಾಸಿದ, ಮಾವ ಕೂರಲಿಲ್ಲ. ಅಪ್ಪ ಏನೇನೋ ಸಮಜಾಯಿಸಿ ಹೇಳುತ್ತಿದ್ದ, ಹುಡುಗಿ ತಿಳಿಯದೆ ಮಾಡಿದ್ದು, ಆ ಹುಡುಗನ ಅಣ್ಣನ ಹತ್ತಿರ ನಾನು ಮಾತಾಡುತ್ತೇನೆ, ಹೀಗೆ. ಮಾವ ಕೇಳುತ್ತಲೇ ಗೋಡೆಯ ಹತ್ತಿರ ಹೋಗಿ, ಗುಳ್ಳವ್ವನನ್ನು ಎರಡೂ ಕೈಯಲ್ಲಿ ಎತ್ತಿ, ಮೆಲ್ಲಗೆ ತಿರುಗಿಸಿದ. ಬಹಳ ಹೊತ್ತು ನೋಡಿದ. ಆಮೇಲೆ ಅಪ್ಪನ ಕಡೆ ನೋಡದೆ, ಚಹಾದ ಕಪ್ಪು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನೇ ಕೇಳಿದ.

"ಯಾರ ಗುರುತ ಇದು?"

"ನಿಮ್ದ್ರಿ ಮಾವಾ."

ಅಷ್ಟು ದಿನ ಅವ್ವ ಕಲಿಸಲು ಹೆಣಗಿದ್ದ ರೀ ಅಕ್ಕನ ಬಾಯಿಂದ ಬಂದದ್ದು ಆಗ. ಮಾವನಿಗೆ ಸಿಟ್ಟು ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಅವನಿಗೆ ಬಂದದ್ದು ಸಿಟ್ಟಲ್ಲ, ನಾಚಿಕೆ.

"ನಾ ನಿನಗ ಬಣ್ಣ ಹಚ್ಚಿಲ್ಲಲ್ಲ."

"ಹಚ್ಚೋ ಮುಂದ ಕುರೀನ ಯಾರೂ ಕೇಳೂದಿಲ್ರಿ."

ಮಾವ ಗುಳ್ಳವ್ವನನ್ನು ಮಣೆಯ ಮೇಲಿಟ್ಟ. ಬೆನ್ನನ್ನು ಗೋಡೆಗೆ ಹಚ್ಚಲಿಲ್ಲ. ಅವ್ವನ ಕಡೆ ತಿರುಗಿದ.

"ಹೂಂ ಅಂದಾಳ ಅಂತ ನೀನ ಹೇಳಿದ್ದಿಯಲ್ಲ, ಅಕ್ಕಾ."

"ಇಲ್ಲ ಅಂದಿರಲಿಲ್ಲಪ್ಪಾ," ಅಂದಳು ಅವ್ವ.

ಅವನು ಚಹಾ ಮುಟ್ಟಲಿಲ್ಲ. ಅಕ್ಕನ ಮನೆಗೆ ಬಂದ ತಮ್ಮನೊಬ್ಬ ಬಾಯಿಗೆ ನೀರು ಹಾಕಿಕೊಳ್ಳದೆ ಹೋಗುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಅವ್ವ ಮಜ್ಜಿಗೆಯ ತಂಬಿಗೆ ಹಿಡಿದು ಬೀದಿಯವರೆಗೆ ಓಡಿದಳು. ಓಣಿಯವರೆಲ್ಲ ನೋಡುತ್ತಿದ್ದರು. ಮೋಟರ್ ಸೈಕಲ್ಲು ತಿರುವು ದಾಟಿ ಹೋಯಿತು, ಅವ್ವ ತಂಬಿಗೆ ಹಿಡಿದುಕೊಂಡೇ ನಿಂತಿದ್ದಳು. ಮದುವೆಯ ಮಾತು ಅಲ್ಲಿಗೆ ಮುಗಿಯಿತು. ಆದರೆ ಚೀಲ ಅಟ್ಟದಿಂದ ಇಳಿಯಲಿಲ್ಲ. ಈಗ ಅಪ್ಪನಿಗೆ ಅಕ್ಕ ಬರೆದದ್ದರ ಅರ್ಥ ಆಗಿತ್ತು, ಆಗಿದ್ದೇ ಇನ್ನೂ ಕಷ್ಟವಾಯಿತು. ಇಷ್ಟು ಬಾಯಿ ಬಂದದ್ದು ಕಾಲೇಜಿನಿಂದಲೇ ಎಂದು ಅವನು ತೀರ್ಮಾನಿಸಿದ. ಅವ್ವ ಅಕ್ಕನೊಡನೆ ಮಾತು ಬಿಟ್ಟಳು. ರೊಟ್ಟಿ ಬಡಿಯುವ ಸದ್ದು ಮಾತ್ರ ಮೊದಲಿಗಿಂತ ಜೋರಾಯಿತು.

ಮರುದಿನ ಅಕ್ಕ ತಾನೇ ಮಣೆ ಎತ್ತಿಕೊಂಡು ಕಾಲುವೆಗೆ ಹೊರಟಳು. ನಾನು ಹಿಂದೆ ಓಡಿದೆ. ಯಾರೂ ಬರುವುದಿಲ್ಲ ಎಂದುಕೊಂಡಿದ್ದೆವು, ಆದರೆ ಓಣಿಯ ಕೊನೆಯಲ್ಲಿ ಇಬ್ಬರು ಸೇರಿಕೊಂಡರು, ಹೊಲದ ದಾರಿಯಲ್ಲಿ ಇನ್ನೂ ಕೆಲವರು. ಯಾರೂ ಹಾಡಲಿಲ್ಲ. ಅಕ್ಕನ ಜೊತೆ ಕಾಲೇಜಿಗೆ ಹೋಗುತ್ತಿದ್ದ ಹುಡುಗಿಯೊಬ್ಬಳು ನೀರಿಗೆ ಬಿಡುವ ಮೊದಲು ಆ ನೀಲಿ ಗುಂಡಿನ ಮೇಲೆ ಬೆರಳಾಡಿಸಿದಳು. ಮರುವರ್ಷ ಅವಳ ಗುಳ್ಳವ್ವನ ಬೆನ್ನಿಗೂ ಒಂದು ಚಿತ್ರವಿತ್ತು, ಆಮೇಲೆ ಅದು ನಿಲ್ಲಲಿಲ್ಲ.

ಪಂಚಮಿ ಬಂತು. ಪಂಚಮಿಗೆ ತಮ್ಮ ಬಂದು ಮದುವೆಯಾದ ಅಕ್ಕನನ್ನು ತವರಿಗೆ ಕರೆದುಕೊಂಡು ಹೋಗಬೇಕು. ಪ್ರತಿ ವರ್ಷ ಮಾವ ಬರುತ್ತಿದ್ದ, ಅವ್ವ ಉಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮೋಟರ್ ಸೈಕಲ್ಲಿನ ಮೇಲೆ ಓರೆಯಾಗಿ ಕೂತು ಹೋಗುತ್ತಿದ್ದಳು. ವರ್ಷವಿಡೀ ಅವಳು ನಗುವುದನ್ನು ನಾನು ಸರಿಯಾಗಿ ನೋಡುತ್ತಿದ್ದುದು ಆ ಹೊತ್ತಿನಲ್ಲಿ. ಈ ವರ್ಷವೂ ಅವಳು ಶೇಂಗಾ ಉಂಡಿ, ಎಳ್ಳಿನ ಉಂಡಿ ಕಟ್ಟಿದಳು. ಡಬ್ಬಿಗೆ ತುಂಬಿ, ಬಟ್ಟೆಯಲ್ಲಿ ಗಂಟು ಹಾಕಿ ಬಾಗಿಲ ಹತ್ತಿರ ಇಟ್ಟಳು. ಚಲೋ ಸೀರೆ ಉಟ್ಟಳು. ದೂರದಲ್ಲಿ ಮೋಟರ್ ಸೈಕಲ್ಲಿನ ಸದ್ದಾದಾಗಲೆಲ್ಲ ನಾನು ಬೀದಿಗೆ ಓಡುತ್ತಿದ್ದೆ, ತಿರುಗಿ ಬಂದು ಅವ್ವನ ಮುಖ ನೋಡಲಾರದೆ ಹಿತ್ತಲಿಗೆ ಹೋಗುತ್ತಿದ್ದೆ. ಬಿಸಿಲು ಏರಿತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ತವರಿಗೆ ಹೋದರು. ಮಾವ ಬರಲಿಲ್ಲ.

ಆಗ ಅವ್ವ ಎದ್ದಳು. ಒಂದು ಮುದ್ದೆ ಮಣ್ಣು ತಂದು ಅಕ್ಕನ ಮುಂದಿಟ್ಟು, ನಾಗಪ್ಪನನ್ನು ಮಾಡು ಅಂದಳು. ಅಷ್ಟು ದಿನಗಳಲ್ಲಿ ಅಕ್ಕನ ಜೊತೆ ಅವಳಾಡಿದ ಮೊದಲ ಮಾತು ಅದು. ಅಕ್ಕ ಮಾಡಿಕೊಟ್ಟಳು. ಅವ್ವ ಅದನ್ನು ತೆಗೆದುಕೊಂಡು ಮೊದಲು ತಿರುಗಿಸಿ ಬೆನ್ನು ನೋಡಿದಳು. ಅಲ್ಲಿ ಬೆರಳಿನ ಗುರುತು ಬಿಟ್ಟು ಬೇರೇನೂ ಇರಲಿಲ್ಲ. ನನಗೆ ಫಕ್ಕನೆ ನಗು ಬಂತು, ಆಯಿ ಚಿವುಟಿದಳು.

ಹಾಲೆರೆಯುವಾಗ ಮನೆಯವರೆಲ್ಲ ಸುತ್ತ ಕೂರಬೇಕು. ಕೊಬ್ಬರಿ ಬಟ್ಟಲಿನಲ್ಲಿ ಹಾಲು ಹಿಡಿದು, ಒಬ್ಬೊಬ್ಬರ ಪಾಲು ಎಂದು ಹೆಸರು ಹೇಳುತ್ತಾ ಹನಿ ಹಾಕಬೇಕು. ಅವ್ವ ಕುಳಿತು ಶುರು ಮಾಡಿದಳು. ದೇವರ ಪಾಲು, ಹಿರಿಯರ ಪಾಲು, ಅತ್ತೆಯ ಪಾಲು, ಗಂಡನ ಪಾಲು. ತಮ್ಮನ ಪಾಲು ಅನ್ನುವಾಗ ಒಮ್ಮೆ ಬಾಗಿಲ ಕಡೆ ನೋಡಿ ಹನಿ ಹಾಕಿದಳು. ಹಟ್ಟಿಯ ಪಾಲು, ಹೊಲದ ಪಾಲು. ಅಲ್ಲಿಗೆ ಮುಗಿಯಬೇಕು, ಪ್ರತಿ ವರ್ಷ ಅಲ್ಲಿಗೇ ಮುಗಿಯುತ್ತಿತ್ತು. ಅವ್ವ ಬಟ್ಟಲು ಕೆಳಗಿಡಲಿಲ್ಲ.

"ಮಾಯವ್ವನ ಸಾಲಿ ಪಾಲು."

ಅಪ್ಪ ತಲೆ ಎತ್ತಿದ. ಆಯಿ ಮೆಲ್ಲಗೆ, ತಿದ್ದುವ ಹಾಗೆ ಅಂದಳು.

"ಅಂಥಾ ಪಾಲ ಯಾವದೂ ಇಲ್ಲವಾ."

"ಇವತ್ತಿಂದ ಐತ್ರಿ ಅತ್ತಿ."

ಹನಿ ಬಿತ್ತು. ಅವ್ವ ಬಟ್ಟಲನ್ನು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಎಲ್ಲರ ಪಾಲು ಹೇಳಿ ಹಾಕುತ್ತಾ ಬಂದ, ಹೊಲದ ಪಾಲಿಗೆ ಬಂದು ನಿಂತ. ಆಮೇಲೆ ಹೆಸರು ಹೇಳದೆಯೇ ಇನ್ನೊಂದು ಹನಿ ಹಾಕಿದ. ಎದ್ದು, ಅಟ್ಟಕ್ಕೆ ಕೈ ಚಾಚಿ ಚೀಲವನ್ನು ಇಳಿಸಿ, ಅದರ ಧೂಳನ್ನು ತನ್ನ ತಲೆಯ ಪಟಕದಿಂದ ಒರೆಸಿ ಪಡಸಾಲೆಯಲ್ಲಿಟ್ಟು ಹಟ್ಟಿಗೆ ಹೋದ.

ಅವ್ವ ಬಾಗಿಲ ಹತ್ತಿರ ಹೋಗಿ, ತವರಿಗೆಂದು ಕಟ್ಟಿಟ್ಟ ಡಬ್ಬಿಯ ಗಂಟು ಬಿಚ್ಚಿದಳು. ಮೊದಲ ಉಂಡಿಯನ್ನು ಅಕ್ಕನ ಬಾಯಿಗಿಟ್ಟು ಅಲ್ಲೇ ಅವಳ ಎದುರು ಕುಳಿತು ಅತ್ತಳು. ಅಕ್ಕನೂ ಅತ್ತಳು. ಬಾಯಿ ತುಂಬ ಉಂಡಿ ಇದ್ದುದರಿಂದ ಇಬ್ಬರಿಗೂ ಮಾತಾಡಲು ಆಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಅಕ್ಕ ಇನ್ನೊಂದು ಉಂಡಿ ತೆಗೆದು ಅವ್ವನ ಬಾಯಿಗೆ ಇಟ್ಟಿದ್ದಳು.